ಉರಾಬೆಯವರ ಹೆಸರಿನ ಆಹ್ವಾನ

ಜನವರಿ 27, ಬೆಳಿಗ್ಗೆ 9.40. ಹಿಮೇಜಿ ನಗರದ ಠಾಣೆಗೆ ಉರಾಬೆ ಚಿಯೋ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ಬಂದು, ತೀರಿಕೊಂಡ ಗಂಡನ ಹೆಸರಿನಲ್ಲಿ ಯಾರೋ ಕಾರ್ಡು ಹಂಚಿದ್ದಾರೆಂದು ದೂರು ಕೊಟ್ಟರು. ದೂರು ಬರೆದುಕೊಂಡವಳು ಕಾನ್‌ಸ್ಟೆಬಲ್ ಮಿಸಾವಾ. ಎದುರಿಗೆ ಕುಳಿತು ವಿಚಾರಿಸಿದವರು ಇನ್‌ಸ್ಪೆಕ್ಟರ್ ಇನುಜುಕಾ.

ಚಿಯೋ ಮೇಜಿನ ಮೇಲಿಟ್ಟದ್ದು ಹೊಸವರ್ಷದ ಶುಭಾಶಯ ಕಾರ್ಡು. ಶುಭಾಶಯದ ಕೆಳಗೆ ಹೀಗೆ ಅಚ್ಚಾಗಿತ್ತು: 'ಜನವರಿ 18ರಂದು ಕೋಗುರೆ ಗುರುಗಳ "ಗಿರಾಕಿ ತಾನಾಗಿ ಬರುವ ವಿದ್ಯೆ" ಸೆಮಿನಾರ್‌ಗೆ ತಪ್ಪದೆ ಬನ್ನಿ. ನನಗೆ ಒಳ್ಳೆಯದಾಗಿದೆ. ಬಾಗಿಲಲ್ಲಿ ನನ್ನ ಹೆಸರು ಹೇಳಿ.' ಕೊನೆಗೆ ಉರಾಬೆ ತೋಕುಜಿ ಎಂಬ ಹೆಸರು, ಪಕ್ಕದಲ್ಲಿ ಸಹಿಯ ಬದಲಿಗೆ ಒತ್ತುವ ಕೆಂಪು ಮೊಹರು. ತೋಕುಜಿ ಚಹಾಪುಡಿ ವ್ಯಾಪಾರಿ. ಅಂಗಡಿ ಬೀದಿಯ ಸಂಘಕ್ಕೆ ಇಪ್ಪತ್ತೆರಡು ವರ್ಷ ಅಧ್ಯಕ್ಷರಾಗಿದ್ದವರು.

"ಯಜಮಾನ್ರು ತೀರಿಕೊಂಡದ್ದು ಯಾವತ್ತು?"

"ಡಿಸೆಂಬರ್ ಇಪ್ಪತ್ತೆಂಟು, ಸಾಹೇಬ್ರೆ. ಎದೆನೋವು ಬಂತು, ಸಂಜೆಗೆ ಹೋಗ್ಬಿಟ್ರು. ಕಾರ್ಡು ಒಂದನೇ ತಾರೀಖು ಎಲ್ಲರ ಮನೆಗೂ ಬಂದಿದೆ."

"ಇಪ್ಪತ್ತೈದರೊಳಗೆ ಅಂಚೆಗೆ ಹಾಕಿದ್ರೆ ಒಂದನೇ ತಾರೀಖಿಗೇ ತಾನೆ ಹಂಚೋದು? ಬದುಕಿದ್ದಾಗ ಅವರೇ ಹಾಕಿರಬಹುದಲ್ಲ, ಅಮ್ಮ?"

"ಬೀದಿಯೋರೂ ಹಾಗೇ ಅಂತಾರೆ." ಚಿಯೋ ಚೀಲದಿಂದ ದಾರ ಸುತ್ತಿದ ಕಟ್ಟೊಂದನ್ನು ತೆಗೆದರು. "ಅವರು ಬರೆದ ಕಾರ್ಡು ಇವು. ಡಿಸೆಂಬರ್ ಹನ್ನೆರಡಕ್ಕೆ ಅವರ ಅಕ್ಕ ತೀರಿಹೋದ್ರು. ಸಾವಾದ ಮನೆಯಿಂದ ಯಾರಾದ್ರೂ ಹೊಸವರ್ಷದ ಶುಭಾಶಯ ಕಳಿಸ್ತಾರಾ? ಅವತ್ತೇ ಕಟ್ಟಿ ಒಳಗಿಟ್ರು."

ಕಟ್ಟಿನಲ್ಲಿ ಎಂಬತ್ತಾರು ಕಾರ್ಡುಗಳಿದ್ದವು. ಎಲ್ಲವೂ ಕುಂಚದಿಂದ ಕೈಯಾರೆ ಬರೆದವು; ಒಂದರಲ್ಲೂ ಸೆಮಿನಾರ್‌ನ ಮಾತಿರಲಿಲ್ಲ. ಪಂಚನಾಮೆ ಮಾಡಿ ಅವನ್ನು ವಶಕ್ಕೆ ಪಡೆಯಲಾಯಿತು.

"ಫೆಬ್ರವರಿ ಹದಿನಾಲ್ಕಕ್ಕೆ ನಲವತ್ತೊಂಬತ್ತನೇ ದಿನದ ಕಾರ್ಯ," ಎಂದರು ಚಿಯೋ. "ಬೀದಿಯೋರು ಒಬ್ಬರೂ ಬರಲ್ಲ ಅಂದಿದ್ದಾರೆ. ನಮಗೆ ಟೋಪಿ ಹಾಕಿದೋನ ಮನೆಗೆ ಯಾಕೆ ಬರಬೇಕು ಅಂತಾರೆ. ಅಷ್ಟರೊಳಗೆ ಅವರ ಹೆಸರಿಗೆ ಅಂಟಿದ್ದನ್ನ ತೊಳೆದುಕೊಡಿ. ಇನ್ನೇನೂ ಬೇಡ ನಂಗೆ."

ಅದೇ ದಿನ ಮಧ್ಯಾಹ್ನ 2.15ಕ್ಕೆ ಇನುಜುಕಾ ಮತ್ತು ಮಿಸಾವಾ, ಚಹಾ ಅಂಗಡಿಯ ಎದುರಿಗೇ ಮೀನಿನ ವಡೆ ಮಾರುವ ತಾಬುಚಿಯನ್ನು ಮಾತಾಡಿಸಿದರು.

"ಕಾರ್ಡು ನೋಡಿ ಹೋದ್ರಾ?"

"ಕಾರ್ಡು ನೋಡಿ ಯಾರು ಹೋಗ್ತಾರೆ, ಸ್ವಾಮಿ? ಅಂಥವು ವಾರಕ್ಕೆ ಹತ್ತು ಬರ್ತವೆ, ಒಲೆಗೆ ಹಾಕ್ತೀನಿ. ಆದ್ರೆ ತೋಕುಜೀನ ಸುಟ್ಟುಬಂದು ಎರಡು ದಿನ ಆಗಿತ್ತು, ಆಗ ಇವನದೇ ಕಾರ್ಡು ಬಂತು. ಸಾಯೋ ಮುಂಚೆ ನಂಗೆ ಹೇಳಿದ ಕೊನೇ ಮಾತು ಅನ್ನಿಸ್ತು. ಇಡೀ ಬೀದೀನೇ ಹೋಯ್ತು."

"ದುಡ್ಡು ಕಟ್ಟಿದ್ರಾ?"

"ವರ್ಷದ ಪಾಠಕ್ಕೆ ಆರು ಲಕ್ಷ ಯೆನ್. ಏನು ಪಾಠ ಗೊತ್ತಾ? ದಿನಾ ಕನ್ನಡಿ ಮುಂದೆ ನಗೋದನ್ನ ಕಲೀಬೇಕಂತೆ."

"ನೀವು ನಕ್ಕರೆ ಇರೋ ಗಿರಾಕೀನೂ ಓಡಿಹೋಗ್ತಾರೆ!" ಎಂದಳು ಒಳಗಿನಿಂದ ಅವನ ಹೆಂಡತಿ.

ತಾಬುಚಿ ನಗಲಿಲ್ಲ. "ಹೋದ ವರ್ಷ ನನ್ನ ಮಗಳ ಮದುವೇಲಿ ಮುಂದೆ ನಿಂತೋನು ಅವನು. ಅಂಥೋನು ಕಮಿಷನ್‌ಗೆ ನನ್ನನ್ನ ಮಾರಿದ. ನಾನಂತೂ ಕಾರ್ಯಕ್ಕೆ ಹೋಗಲ್ಲ."

ಬೀದಿಗೆ ಬಂದ ಮೇಲೆ ಮಿಸಾವಾ ಮೆಲ್ಲಗೆ ಹೇಳಿದಳು: "ಡಿಸೆಂಬರ್ ಸೆಮಿನಾರ್‌ಗೆ ಹನ್ನೊಂದೇ ಜನ ಅಂತೆ, ಸರ್. ಗಿರಾಕಿ ತಾನಾಗಿ ಬರೋ ವಿದ್ಯೆ ಕಲಿಸೋರಿಗೇ ಗಿರಾಕಿ ಇಲ್ಲ."

ಜನವರಿ 28, ಬೆಳಿಗ್ಗೆ 11.00. ಸೆಮಿನಾರ್ ಕಚೇರಿಯಲ್ಲಿ ಇನುಜುಕಾ ಮತ್ತು ಮಿಸಾವಾ ಎದುರು ಕೋಗುರೆ ಕೈ ಝಾಡಿಸಿದ. "ಜನ ಸೇರಿಸೋದು ನಿಶಿಗಾಕಿ ಕೆಲಸ. ನಾನು ಪಾಠ ಮಾಡೋನು ಅಷ್ಟೇ." ಮೂವತ್ತನಾಲ್ಕು ವರ್ಷದ ನಿಶಿಗಾಕಿ ಮಿವಾ ಮೂರು ಲೋಟ ಚಹಾ ತಂದಿಟ್ಟು, ನಿಂತೇ ಉತ್ತರಿಸಿದಳು.

"ಉರಾಬೆ ನಿಮಗೆ ಪರಿಚಯವಾ?"

"ನವೆಂಬರ್‌ನಲ್ಲಿ ಉಚಿತ ಪಾಠಕ್ಕೆ ಬಂದಿದ್ರು. ಸಂಘದ ವಿಳಾಸದ ಪುಸ್ತಕ ಅವರೇ ಕೊಟ್ರು."

"ಕಾರ್ಡು ಕಳಿಸಿದ್ದು?"

"ಅವರೇ. ನಾನು ಅಚ್ಚು ಹಾಕಿಸಿಕೊಟ್ಟೆ ಅಷ್ಟೇ."

"ಅವರು ತೀರಿಕೊಂಡದ್ದು ನಿಮಗೆ ಗೊತ್ತಾಗಿದ್ದು?"

"ಹದಿನೆಂಟನೇ ತಾರೀಖು. ಬಂದವರ ಬಾಯಿಂದ."

ಸತ್ತವನು ಇಲ್ಲವೆನ್ನಲು ಬರುವುದಿಲ್ಲ. ಕಟ್ಟಿಟ್ಟ ಕಾರ್ಡುಗಳಿಂದ ಅನುಮಾನ ಹುಟ್ಟುತ್ತದೆ, ಅಪರಾಧ ಸಾಬೀತಾಗುವುದಿಲ್ಲ. ಇನುಜುಕಾ ಅಂಚೆ ಕಚೇರಿಗೆ ಅಧಿಕೃತ ಪತ್ರ ಬರೆದರು. ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ ಚಿಯೋ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಫೋನ್ ಮಾಡಿ, ತೊಂದರೆ ಕೊಟ್ಟೆನೆಂದು ಕ್ಷಮೆ ಕೇಳಿ ಇಡುತ್ತಿದ್ದರು.

ಫೆಬ್ರವರಿ 10, ಮಧ್ಯಾಹ್ನ 3.30. ಅಂಚೆ ಗುಮಾಸ್ತ ಕಡತದಿಂದ ಒಂದು ಹಾಳೆ ತೆಗೆದುಕೊಟ್ಟ. ಅಂಚೆಗೆ ಹಾಕಿದವರೇ ಅದನ್ನು ವಾಪಸ್ ಪಡೆಯಲು ತುಂಬುವ ಅರ್ಜಿ ಅದು. ದಿನಾಂಕ ಡಿಸೆಂಬರ್ 29. ಅರ್ಜಿದಾರಳು ನಿಶಿಗಾಕಿ ಮಿವಾ. ಕಾರ್ಡುಗಳ ಸಂಖ್ಯೆ ನೂರನಲವತ್ತು. ಕಾರಣ ಎಂಬಲ್ಲಿ ಒಂದೇ ಸಾಲು: 'ಕಾರ್ಡಿನಲ್ಲಿ ಹೆಸರಿರುವವರು ತೀರಿಕೊಂಡಿದ್ದಾರೆ.'

"ಕಾರ್ಡು ವಾಪಸ್ ಕೊಟ್ರಾ?" ಎಂದು ಕೇಳಿದರು ಇನುಜುಕಾ.

"ಇಲ್ಲ ಸರ್. ಯಾರ್ಯಾರ ವಿಳಾಸ ಅಂತ ಪಟ್ಟಿ ತನ್ನಿ, ಮೂವತ್ತರ ಸಂಜೆ ಐದರ ತನಕ ತಡೆದುಕೊಡ್ತೀವಿ ಅಂದೆ. ಕೈ ಮುಗಿದು ಹೋದ್ರು. ಬರಲೇ ಇಲ್ಲ."

ಫೆಬ್ರವರಿ 12, ಬೆಳಿಗ್ಗೆ 8.05. ವಾರಂಟ್ ಹಿಡಿದು ಮನೆಗೆ ಹೋದಾಗ ಮಿವಾ ಕಚೇರಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದಳು. ಅರ್ಜಿಯ ಪ್ರತಿ ಕಂಡೊಡನೆ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಮೇಜಿನ ಖಾನೆಯಲ್ಲಿ ಉರಾಬೆಯ ಹೆಸರಿನ ಮೊಹರು ಸಿಕ್ಕಿತು. ಖೋಟಾ ದಾಖಲೆ ಮತ್ತು ವಂಚನೆಯ ಆರೋಪದ ಮೇಲೆ ಬಂಧಿಸಲಾಯಿತು. ಕೋಗುರೆಯ ಪಾತ್ರದ ವಿಚಾರಣೆ ಬೇರೆಯಾಗಿ ನಡೆಯಿತು.

ಅಂದು ಸಂಜೆ ಪೂರಕ ಹೇಳಿಕೆ ಪಡೆಯಲು ಇನುಜುಕಾ ತಾಬುಚಿಯ ಅಂಗಡಿಗೆ ಹೋದರು. ಕಾರ್ಡು ಕಳಿಸಿದ್ದು ಉರಾಬೆ ಅಲ್ಲವೆಂಬುದನ್ನು ಕೇಳಿಸಿಕೊಂಡು ತಾಬುಚಿ ಒಲೆ ಆರಿಸಿದ. ತುಂಬ ಹೊತ್ತು ಏಪ್ರನ್‌ಗೆ ಕೈ ಒರೆಸುತ್ತಲೇ ಇದ್ದ.

"ಚಿಯೋ ಅಕ್ಕ ದಿನಾ ಬೆಳಿಗ್ಗೆ ನನ್ನ ಅಂಗಡಿ ಮುಂದೇನೂ ಗುಡಿಸ್ತಾ ಇದ್ರು. ನಾನು ಮುಖ ತಿರುಗಿಸ್ಕೊಂಡು ನಿಂತಿರ್ತಿದ್ದೆ." ಆಮೇಲೆ ಕೇಳಿದ: "ಹದಿನಾಲ್ಕಕ್ಕೆ ಕಾರ್ಯ ಹತ್ತಕ್ಕಾ, ಹನ್ನೊಂದಕ್ಕಾ?"

"ಹತ್ತಕ್ಕೆ," ಎಂದರು ಇನುಜುಕಾ.

"ಬೀದಿಯೋರಿಗೆಲ್ಲ ನಾನೇ ಹೇಳ್ತೀನಿ."

ಫೆಬ್ರವರಿ 13, ಬೆಳಿಗ್ಗೆ 10.20. ಮಿವಾಳ ಹೇಳಿಕೆ ದಾಖಲಾಯಿತು. ಉರಾಬೆಯವರನ್ನು ಕೇಳದೆ ಮೊಹರು ಮಾಡಿಸಿ, ಅವರ ಹೆಸರಿನಲ್ಲಿ ಕಾರ್ಡು ಅಂಚೆಗೆ ಹಾಕಿದ್ದು ತಾನೇ ಎಂದು ಒಪ್ಪಿಕೊಂಡಳು. ಡಿಸೆಂಬರ್ ಇಪ್ಪತ್ತೊಂಬತ್ತರಂದು ವರ್ಷಾಂತ್ಯದ ವಂದನೆ ಹೇಳಲು ಅವಳು ಚಹಾ ಅಂಗಡಿಗೆ ಫೋನ್ ಮಾಡಿದ್ದಳು. ಸುದ್ದಿ ಕೇಳಿದವಳೇ ಅಂಚೆ ಕಚೇರಿಗೆ ಓಡಿದ್ದಳು.

"ಪಟ್ಟಿ ನಿಮ್ಮ ಹತ್ರ ಇತ್ತಲ್ಲ? ಯಾಕೆ ವಾಪಸ್ ಹೋಗ್ಲಿಲ್ಲ?"

"ಮರುದಿನ ಪಟ್ಟಿ ತರೋಕೆ ಸಭಾಂಗಣದ ಕಚೇರಿಗೆ ಹೋದೆ. ಅಲ್ಲಿ ಕುರ್ಚಿಗಳಿದ್ವು."

"ಕುರ್ಚಿ ಇದ್ರೆ ಏನು?"

"ಅರವತ್ತು ಕುರ್ಚಿ, ಸಾಹೇಬ್ರೆ. ಸೆಮಿನಾರ್ ಮುಗಿದ ಮೇಲೆ ಎಷ್ಟು ಖಾಲಿ ಉಳಿದಿರುತ್ತೋ ಅಷ್ಟಕ್ಕೂ ಒಂದೊಂದಾಗಿ ಎದುರು ನಿಂತು ಬಗ್ಗಿ, 'ನಿಮ್ಮನ್ನು ತುಂಬಿಸಲಾಗಲಿಲ್ಲ, ಕ್ಷಮಿಸಿ' ಅನ್ನಬೇಕು. ಗುರುಗಳು ಹಿಂದೆ ಕೂತು ಲೆಕ್ಕ ಇಡ್ತಾರೆ. ಡಿಸೆಂಬರ್‌ನಲ್ಲಿ ನಲವತ್ತೊಂಬತ್ತು ಸಲ ಬಗ್ಗಿದೆ. ಸತ್ತವರ ಮಾತು ಅಂದ್ರೆ ಜನ ಬಂದೇ ಬರ್ತಾರೆ ಅಂತ ಅಲ್ಲಿ ನಿಂತಾಗ ಹೊಳೀತು. ಐದು ಗಂಟೆ ಆಗೋ ತನಕ ಅಲ್ಲೇ ಕೂತಿದ್ದೆ."

"ಹದಿನೆಂಟಕ್ಕೆ?"

"ಒಂದೂ ಖಾಲಿ ಇರ್ಲಿಲ್ಲ. ಒಬ್ಬೊಬ್ಬರೂ ಬಾಗಿಲಲ್ಲಿ ಅವರ ಹೆಸರು ಹೇಳಿ, ನಂಗೆ ತಲೆಬಾಗಿ ಒಳಗೆ ಹೋದ್ರು."

ಇನ್ನೇನಾದರೂ ಸೇರಿಸಬೇಕೆ ಎಂದು ನಿಯಮದಂತೆ ಕೇಳಲಾಯಿತು. ಮಿವಾ ಮೊದಲು ಇಲ್ಲವೆಂದಳು. ಹೆಬ್ಬೆಟ್ಟು ಒತ್ತುವ ಮುಂಚೆ ಕೈ ಹಿಂದಕ್ಕೆಳೆದುಕೊಂಡಳು.

"ಹದಿನೆಂಟರ ರಾತ್ರಿ ನಂಗೆ ಚೆನ್ನಾಗಿ ನಿದ್ದೆ ಬಂತು. ಅದನ್ನೂ ಬರ್ಕೊಳ್ಳಿ."

ಮಿಸಾವಾ ಬರೆದುಕೊಂಡಳು.