ಮರೆತುಹೋದ ಭಾನುವಾರ

"ಏನ್ರೀ, ಕಣ್ಣು ಕಾಣ್ಸಲ್ವಾ?"

ಮತ್ತಿಕೆರೆಯ ಪಾರ್ಕಿನಲ್ಲಿ ಓಡುತ್ತಿದ್ದವನಿಗೆ ಎದುರಿನಿಂದ ಬಂದು ಡಿಕ್ಕಿ ಹೊಡೆದ ಮೋನಿಷಾ, ಉತ್ತರ ಕೊಡುವ ಬದಲು ಅತ್ತೇಬಿಟ್ಟಳು!

"ಅಯ್ಯೋ... ಏಟಾಯ್ತಾ?" ಅವನು ಗಾಬರಿಯಾದ.

"ಇಲ್ಲ... ನಿದ್ದೆ ಇಲ್ಲ."

ಸಾಕಿ ಬೆಳೆಸಿದ ಅಜ್ಜಿ ಮುನಿಶಾಮಮ್ಮ ತೀರಿಕೊಂಡ ಮೇಲೆ ಶೆಟ್ಟಿಹಳ್ಳಿಯ ಮನೆ ಚಿಕ್ಕಪ್ಪಂದಿರ ಪಾಲಾಗಿತ್ತು. ಈಗ ಬಾಡಿಗೆ ರೂಮಿನಲ್ಲಿ ಅವಳೊಬ್ಬಳೇ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಹಗಲು ಏನೂ ನೆನಪಿರುತ್ತಿರಲಿಲ್ಲ. ಕಾಲೇಜು ಲೈಬ್ರರಿಯ ಕೆಲಸದಲ್ಲಿ, ಕೈಯಲ್ಲಿರುವ ಪುಸ್ತಕ ಎಲ್ಲಿಡಬೇಕೆಂದೇ ತೋಚದೆ ನಿಂತುಬಿಡುತ್ತಿದ್ದಳು.

'ಹೀಗೇ ಒಂದು ದಿನ ಅಜ್ಜಿಯ ದನಿಯನ್ನೂ ಮರೆತುಬಿಡ್ತೀನಾ?'

"ಬನ್ನಿ, ಸ್ವಲ್ಪ ಬಿರುಸಾಗಿ ನಡೆಯೋಣ," ಎಂದ ಅವನು. "ನಿದ್ದೆ ಕೆಟ್ಟಾಗ ನಾನೂ ಹಿಂಗೇ ಮಾಡೋದು. ನಿದ್ದೆ ವಾಪಸ್ ಸಿಗಲ್ಲ ಕಣ್ರೀ, ಆದ್ರೆ ತಲೆ ತಿಳಿಯಾಗುತ್ತೆ."

ಅವನು ಯೋಗಾನಂದ. ಅಲ್ಲೇ ಪಕ್ಕದ ಬೀದಿಯಲ್ಲಿ ಅವನ ಕನ್ನಡಕದಂಗಡಿ; ಅದನ್ನು ತೆರೆಯುವ ಮುನ್ನ ದಿನಾ ಇಲ್ಲಿ ಓಡುತ್ತಿದ್ದ.

ಅಂದಿನಿಂದ ಬೆಳಗಾದರೆ ಇಬ್ಬರದೂ ನಡಿಗೆ. ಎದೆಯ ಬಿಗಿ ಸಡಿಲವಾಯಿತು. ಮರೆತ ಹೆಸರುಗಳು ಒಂದೊಂದಾಗಿ ನಾಲಿಗೆಗೆ ಮರಳಿದವು. ನಗುವೂ...

"ಭಾನುವಾರ ನಮ್ಮನೆಗೆ ಬರ್ತೀರಾ? ನಾಗಸಂದ್ರ ಮೆಟ್ರೊ ಹತ್ರ ಕಾಯ್ತೀನಿ. ಅಮ್ಮ ನಿಮ್ಮನ್ನ ನೋಡ್ಬೇಕಂತೆ," ಎಂದನೊಮ್ಮೆ. ಅವಳು ನಾಚಿ ತಲೆಯಾಡಿಸಿದಳು.

ಅದೇ ವಾರ ಅಜ್ಜಿಯ ತಿಥಿ ಬಂತು. ರಾತ್ರಿಯೆಲ್ಲ ಮೋನಿಷಾಗೆ ನಿದ್ದೆಯೇ ಹತ್ತಲಿಲ್ಲ.

ಸೋಮವಾರದಿಂದ ಯೋಗಾನಂದ ಪಾರ್ಕಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

'ನನ್ನ ಅಳುಮೋರೆ ನೋಡಿ ಅವನಿಗೂ ಸಾಕಾಯ್ತೇನೋ...'

ಅಂಗಡಿಗೆ ಹೋಗಿ ಕೇಳಲು ಅಭಿಮಾನ ಬಿಡಲಿಲ್ಲ. ಖಾಲಿ ರೂಮು ಮತ್ತೆ ನುಂಗಲು ಬಂದಂತಾಯಿತು. ಆದರೂ ಅವಳು ನಡಿಗೆ ಬಿಡಲಿಲ್ಲ. ಒಬ್ಬಳೇ, ಹಟಕ್ಕೆ ಬಿದ್ದವಳಂತೆ, ಬೆವರು ಕಿತ್ತುಬರುವ ಹಾಗೆ...

ಅಂಥ ಒಂದು ಬೆಳಗ್ಗೆ ಕಾಲು ತಟ್ಟನೆ ನಿಂತಿತು. ಭಾನುವಾರ! ನಾಗಸಂದ್ರ! ಅವನ ಅಮ್ಮ!

ಅಂಗಡಿಯವರೆಗೂ ಓಡಿದಳು.

"ಇಷ್ಟ ಇಲ್ಲ ಅಂತ ಹೇಳ್ಬಹುದಿತ್ತು," ಅವನು ತಲೆ ಎತ್ತಲಿಲ್ಲ. "ಅಮ್ಮ ಹೋಳಿಗೆ ಮಾಡಿ ಸಂಜೆವರೆಗೂ ಕಾದ್ರು."

"ಮರೆತೆ ಕಣ್ರೀ! ಅಜ್ಜಿ ತಿಥಿ ಇತ್ತು... ವಾರವೆಲ್ಲ ನಿದ್ದೆ ಇರ್ಲಿಲ್ಲ. ನಿಮ್ಮ ಮಾತೇ ಅಳಿಸಿಹೋಗಿತ್ತು. ಈಗ ನಡೀತಿದ್ದಾಗ ನೆನಪಾಯ್ತು!"

ಅವನ ಮುಖ ಕಳೆಗುಂದಿತು.

"ತಿಥಿ ಅಂತ ನನಗೊಂದು ಮಾತು ಹೇಳ್ಬಾರದಿತ್ತಾ? ಒಬ್ರೇ ಇದ್ರಾ?"

"ಯಾರಿಗಾದ್ರೂ ಹೇಳೋ ಅಭ್ಯಾಸವೇ ಹೋಗ್ಬಿಟ್ಟಿದೆ..." ಅವಳು ಮುಖದ ಬೆವರು ಒರೆಸಿಕೊಂಡಳು. "ಮುಂದೆಯೂ ಹಿಂಗೇ ಮರೀತೀನೇನೋ."

"ಮರೀರಿ. ನಾನು ಮತ್ತೆ ಕೇಳ್ತೀನಿ."

"ಹಂಗಾದ್ರೆ... ಈಗ ಕೇಳಿ."

ಮೊದಲ ಬಾರಿಗೆ ಅವನ ಬಾಯಲ್ಲಿ ಏಕವಚನ ಬಂತು.

"ನಮ್ಮನೆಗೆ ಬರ್ತೀಯಾ, ಮೋನಿಷಾ?"

"ಬರ್ತೀನಿ... ಇವತ್ತೇ!"