ಇಡೀ ಮನೆ ನಿಮ್ಮದೇ

"ಯಾರು ನೀವು? ಒಳಗೆ ಹೇಗೆ ಬಂದ್ರಿ?"

ಅಡುಗೆಮನೆಯ ಡ್ರಾಯರಿನೊಳಗೆ ಕೈ ಹಾಕಿದ್ದವಳು ಹಾಗೇ ಕಲ್ಲಾದಳು. ಬಾಗಿಲಲ್ಲಿ ಎತ್ತರದ ಗಂಡಸೊಬ್ಬ ನಿಂತಿದ್ದ. ಕೈಯಲ್ಲಿ ಟೂಲ್‌ಬಾಕ್ಸ್, ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ.

ಮಧ್ಯಾಹ್ನದವರೆಗೆ ಬರುವುದಿಲ್ಲ ಎಂದಿದ್ದನಲ್ಲ ಈ ಪುಣ್ಯಾತ್ಮ!

'ಇದು ನನ್ನ ಮನೆ ಕಣಯ್ಯ... ಈ ಡ್ರಾಯರ್ ನನ್ನದು, ಇದರಲ್ಲಿ ಮರೆತ ಕತ್ತರಿ ನನ್ನದು, ನೀನು ಒರಗಿ ನಿಂತಿರೋ ಬಾಗಿಲೂ ನನ್ನದೇ...'

ಎಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಮನೆ ಬಾಡಿಗೆಯ ಆ್ಯಪ್‌ನಲ್ಲಿ ತಂಗಿ ಬರೆದಿದ್ದ ಸಾಲು ನೆನಪಾಗಿ ಬಾಯಿ ಕಟ್ಟಿತು. ಇಡೀ ಮನೆ ನಿಮ್ಮದೇ. ಬೇರೆ ಯಾರೂ ಇರುವುದಿಲ್ಲ.

"ನಾನು... ಕ್ಲೀನಿಂಗ್‌ನವಳು ಸರ್."

"ಕತ್ತರಿ ಹಿಡಿದು ಕ್ಲೀನ್ ಮಾಡ್ತೀರಾ?"

"ಹೊಲಿಗೆನೂ ಮಾಡ್ತೀನಿ. ಹಿಂದಿನ ರೂಮಲ್ಲಿ."

ಅವನು ಅವಳನ್ನೊಮ್ಮೆ, ಕತ್ತರಿಯನ್ನೊಮ್ಮೆ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಮೊನೆ ಕೆಳಗೆ ಮಾಡಿ ಹಿಡ್ಕೊಳ್ಳಿ. ಚುಚ್ಚೀತು."

ತನ್ನದೇ ಮನೆಯಿಂದ ಕಳ್ಳಿಯಂತೆ ಹೊರಬಿದ್ದ ಅವಳು ಹಿತ್ತಲಿಗೆ ಬಂದ ಮೇಲೂ ಕತ್ತರಿಯ ಮೊನೆ ಕೆಳಗೆ ಮಾಡಿಯೇ ಹಿಡಿದಿದ್ದಳು. ಅವನು ಗದರಿಸಿದ್ದಕ್ಕೋ, ಚುಚ್ಚೀತು ಎಂದದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

ಅಪ್ಪ ಬಿಟ್ಟುಹೋದ ಈ ಮನೆಯನ್ನು ಬಾಡಿಗೆಗೆ ಕೊಡಲು ಶುರುಮಾಡಿ ವರ್ಷವಾಗಿತ್ತು. ಎರಡು ದಿನ, ಮೂರು ದಿನ ಇದ್ದು ಹೋಗುವವರು. ತಂಗಿಯ ನರ್ಸಿಂಗ್ ಓದಿನ ಕೊನೆಯ ವರ್ಷ ಇದರಿಂದಲೇ ಸಾಗಬೇಕಿತ್ತು. ತಂಗಿ ಹಾಸ್ಟೆಲಿನಲ್ಲಿ ಕೂತು ಫೋನಿನಲ್ಲೇ ಬುಕಿಂಗ್ ನೋಡಿಕೊಳ್ಳುತ್ತಿದ್ದಳು. ಆ್ಯಪ್‌ನಲ್ಲಿ ಓನರ್ ಎಂದು ನಗುತ್ತಿದ್ದುದೂ ಅವಳ ಫೋಟೋವೇ. ಅಕ್ಕನಿಗೆ ಕ್ಯಾಮೆರಾ ಕಂಡರೆ ಮೈಲಿ ದೂರ ಓಡುವ ಬುದ್ಧಿ.

ಮೊದಮೊದಲು ಅವಳು ಮನೆಯೊಳಗೇ ಓಡಾಡಿಕೊಂಡಿದ್ದಳು. ಆದರೆ ಮೊದಲ ಅತಿಥಿ ಮೂರೇ ಸ್ಟಾರ್ ಕೊಟ್ಟು, "ಯಾವಾಗಲೂ ಯಾರೋ ಇದ್ದಾರೆ ಅನಿಸುತ್ತಿತ್ತು" ಎಂದು ಬರೆದು ಹೋದ. ಅಂದು ಅವಳು ತನ್ನ ಹಾಸಿಗೆ, ಬಟ್ಟೆ, ಬಾಚಣಿಗೆ ಎಲ್ಲ ಎತ್ತಿಕೊಂಡು ಹೊಲಿಗೆ ಮೆಷಿನ್ ಇದ್ದ ಹಿಂದಿನ ಕೋಣೆ ಸೇರಿದಳು. ಗೋಡೆಯ ಫೋಟೋಗಳನ್ನೂ ಇಳಿಸಿದಳು. ಮುಂದೆ ಅವಳ ಒಂದು ಕೂದಲೆಳೆಯೂ ಯಾರ ಕಣ್ಣಿಗೂ ಬೀಳಲಿಲ್ಲ.

ಸ್ಟಾರ್‌ಗಳು ಐದಾದವು. ಆ್ಯಪ್‌ನಿಂದ 'ಮೆಚ್ಚಿನ ಮನೆ' ಎಂಬ ಬಿರುದೂ ಬಂತು.

ಇವನು ಬರುವವರೆಗೆ!

ಅವನು ಲಿಫ್ಟ್ ಮೆಕ್ಯಾನಿಕ್. ಪಕ್ಕದ ಬೀದಿಯ ಆಸ್ಪತ್ರೆಯ ಲಿಫ್ಟ್‌ಗಳನ್ನು ನೋಡಲು ತಿಂಗಳಿಗೊಮ್ಮೆ ಬಂದು ಮೂರು ದಿನ ಉಳಿಯುತ್ತಿದ್ದ. ಹೋಗುವಾಗ ಹಾಸಿಗೆ ಸರಿಮಾಡಿ, ಲೋಟ ತೊಳೆದಿಟ್ಟು ಹೋಗುತ್ತಿದ್ದ. ಆಮೇಲೆ ಒಂದು ಮಾತೂ ಬರೆಯದೆ ನಾಲ್ಕು ಸ್ಟಾರ್ ಒತ್ತುತ್ತಿದ್ದ.

"ಅಕ್ಕಾ, ಮತ್ತೆ ನಾಲ್ಕೇ! ಏನಂತೆ ಈ ಸ್ಟಾರಪ್ಪಂದು?"

"ದಿಂಬು ಗಟ್ಟಿ ಇರಬೇಕು. ಬದಲಾಯಿಸ್ತೀನಿ ಬಿಡು."

ದಿಂಬು ಬದಲಾಯಿತು. ನಾಲ್ಕು. ಹೊಸ ಪರದೆ ಹೊಲಿದು ಹಾಕಿದಳು. ನಾಲ್ಕು. ತೊಟ್ಟಿಕ್ಕುವ ನಲ್ಲಿಯನ್ನೂ ರಿಪೇರಿ ಮಾಡಿಸಿದಳು. ಅದಕ್ಕೂ ನಾಲ್ಕೇ!

ಇನ್ನೂ ಹೊಟ್ಟೆ ಉರಿಸುವ ವಿಷಯ ಬೇರೆ ಇತ್ತು. ಮಧ್ಯಾಹ್ನ ಕೆಲಸ ಮುಗಿಸಿ ಬಂದವನು ಮನೆಯಲ್ಲಿ ಕೂರುತ್ತಲೇ ಇರಲಿಲ್ಲ. ರಸ್ತೆಯಾಚೆ ಬೇವಿನ ಮರದಡಿಯ ಬೆಂಚಿನ ಮೇಲೆ ಸಂಜೆಯವರೆಗೂ ಕುಳಿತಿರುತ್ತಿದ್ದ.

'ಬಾಡಿಗೆ ಕೊಟ್ಟು ಬೆಂಚ್ ಮೇಲೆ ಕೂರ್ತಾನಲ್ಲ... ಅಷ್ಟು ಅಸಹ್ಯವಾಗಿದೆಯಾ ನನ್ನ ಮನೆ?'

ಅವನು ಎದುರಿಗೆ ಕೆಟ್ಟವನಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಆದರೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಸಿಕ್ಕರೆ ನಿಂತು ಮಾತಾಡುತ್ತಿದ್ದ. ಒಮ್ಮೆ ಅವನ ಹರಿದ ಜೇಬನ್ನು ಹೊಲಿದುಕೊಟ್ಟಳು. ಅವನು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದ.

"ಹರಿದಿತ್ತು ಅಂತಾನೇ ಗೊತ್ತಾಗಲ್ಲ. ನಿಮ್ಮ ಓನರ್ ಮೇಡಂ ಒಳ್ಳೆಯವರಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಸ್ವಲ್ಪ ಮೊಂಡಿ."

"ಬೈತಾರಾ?"

"ದಿನಾ!"

ಅವನು ಮಾತ್ರ ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿಬಿಟ್ಟ.

ಅಂದಿನಿಂದ ಅವಳು ತಿಂಗಳುಗಳನ್ನು ಎಣಿಸತೊಡಗಿದಳು. ಅವನ ಟೂಲ್‌ಬಾಕ್ಸಿನ ಸದ್ದು ಕೇಳಿದರೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಮೂವತ್ತನಾಲ್ಕರಲ್ಲಿ ಇದೆಲ್ಲ ಬೇಕಿತ್ತೇ ಎಂದು ತನ್ನನ್ನೇ ಗದರಿಸಿಕೊಂಡಳು. ಗದರಿಸಿ ಏನು ಬಂತು? ಅವಳಿಗೆ ಅವನು ಬೇಕಾಗಿಬಿಟ್ಟಿದ್ದ.

ಆರನೆಯ ಸಲವೂ ನಾಲ್ಕು ಬಂತು. ತಂಗಿ ಅಳುಮುಖ ಮಾಡಿಕೊಂಡೇ ಊರಿಗೆ ಬಂದಳು.

"ಸ್ಟಾರ್ ಸರಾಸರಿ ಇಳಿದು ಬಿರುದು ಹೋಯ್ತು ಅಕ್ಕಾ. ಈ ವಾರ ಒಂದೂ ಬುಕಿಂಗ್ ಇಲ್ಲ. ನನ್ನ ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿದೆ..."

ಅಕ್ಕನ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಬಂದರೆ ಅಷ್ಟು ಮೆತ್ತಗೆ ಮಾತಾಡುತ್ತಾನೆ, ಹಿಂದಿನಿಂದ ಹೀಗೆ ಚುಚ್ಚುತ್ತಾನೆ! ಮೋಸಗಾರ! ತಂಗಿಯ ಕೈಯಿಂದ ಫೋನ್ ಕಿತ್ತುಕೊಂಡು ತಾನೇ ಅವನಿಗೆ ಮೆಸೇಜ್ ಒತ್ತಿದಳು.

"ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ ಅಂತ ದಯವಿಟ್ಟು ಹೇಳ್ತೀರಾ?"

ಕಾಲು ಗಂಟೆಯಲ್ಲಿ ಉತ್ತರ ಬಂತು. ತಂಗಿ ಗಟ್ಟಿಯಾಗಿ ಓದಿದಳು.

"ನಿಮ್ಮ ಮನೆಯಲ್ಲಿ ಏನೂ ಕಡಿಮೆಯಿಲ್ಲ ಮೇಡಂ. ಕಡಿಮೆ ಇರುವುದು ನಿಮ್ಮಲ್ಲಿ. ಹಿಂದಿನ ಕೋಣೆಯಲ್ಲಿ ಒಬ್ಬರನ್ನು ಇಟ್ಟಿದ್ದೀರಲ್ಲ, ನಾನು ಮನೆಯಲ್ಲಿದ್ದರೆ ಅವರು ಮೆಷಿನ್ ತುಳಿಯುವುದಿಲ್ಲ. ಸದ್ದಾಗಬಾರದೆಂದು ನೀವೇ ಹೆದರಿಸಿರಬೇಕು. ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ, ಗೋಡೆಗೆ ಒರಗಿ ನಿಂತೇ ಊಟ ಮಾಡುತ್ತಾರೆ. ಇಷ್ಟು ದೊಡ್ಡ ಮನೆಯಲ್ಲಿ ಅವರಿಗೊಂದು ಕುರ್ಚಿ ಇಲ್ಲವೇ? ಅವರ ಕೆಲಸ ಕೆಡಬಾರದೆಂದು ನಾನು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂರುತ್ತೇನೆ. ಮೆಷಿನ್ ಸದ್ದು ಅಲ್ಲಿಯವರೆಗೂ ಕೇಳಿಸುತ್ತದೆ. ಅವರನ್ನು ಚೆನ್ನಾಗಿ ನೋಡಿಕೊಳ್ಳಿ, ಐದೂ ಕೊಡುತ್ತೇನೆ."

ತಂಗಿಗೆ ಮೊದಲು ನಗು ಬಂತು. "ಅಕ್ಕಾ! ನಿನ್ನ ಪರವಾಗಿ ನಿನ್ನ ಮೇಲೇ ಜಗಳ ಆಡ್ತಿದಾನಲ್ಲೇ!"

ನಗುತ್ತಾ ತಲೆಯೆತ್ತಿದವಳು ಅಕ್ಕನ ಮುಖ ನೋಡಿ ಫೋನ್ ಕೆಳಗಿಟ್ಟಳು.

ಅಕ್ಕ ಅಳುತ್ತಿದ್ದಳು. ನಿಂತು ಊಟ ಮಾಡುವುದು ಯಾವಾಗ ಅಭ್ಯಾಸವಾಯಿತೆಂದೇ ಅವಳಿಗೆ ನೆನಪಿರಲಿಲ್ಲ. ಅತಿಥಿಗಳಿಲ್ಲದ ದಿನವೂ ಅವಳು ಒಳಗೆ ಮಲಗುತ್ತಿರಲಿಲ್ಲ. ಹಾಸಿಗೆ ಸುಕ್ಕಾದೀತು ಎಂಬ ಭಯ. ಅವಳನ್ನು ಹೊರಗೆ ಹಾಕಿದ್ದು ಅವಳೇ. ಇಷ್ಟು ದಿನ ಅದು ಯಾರಿಗೂ ಕಾಣಿಸಿರಲಿಲ್ಲ, ಅವಳಿಗೂ.

"ನಾನೂ ನೋಡ್ಲಿಲ್ಲ ಅಕ್ಕಾ..." ತಂಗಿ ಅಕ್ಕನ ಕೈ ಹಿಡಿದಳು. "ಮುಂದಿನ ಎರಡು ರೂಮ್ ಮಾತ್ರ ಕೊಡೋಣ. ನೀನು ಒಳಗೆ ಬಾ."

ಮುಂದಿನ ತಿಂಗಳು ಅವನು ಬಂದಾಗ, ಬಾಗಿಲ ಪಕ್ಕ ಅತಿಥಿಗಳಿಗೆಂದು ಕೀ ಇಡುತ್ತಿದ್ದ ಪೆಟ್ಟಿಗೆ ಖಾಲಿಯಿತ್ತು. ಅವನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅವಳ ಹಿಂದೆ ಗೋಡೆಯ ಮೇಲೆ ಒಂದು ಫೋಟೋ. ಅಪ್ಪ, ಎರಡು ಜಡೆಯ ಅವಳು, ಅವಳ ಸೊಂಟದ ಮೇಲೆ ಆ್ಯಪ್‌ನ ನಗುಮುಖದ ಹುಡುಗಿ, ಆಗಿನ್ನೂ ಪುಟ್ಟ ಮಗು.

"ನಾನು ಕ್ಲೀನಿಂಗ್‌ನವಳಲ್ಲ. ಇದು ನನ್ನ ಮನೆ. ನೀವು ಬೈದಿದ್ದು... ನನಗೇ."

ಅವನು ಫೋಟೋ ನೋಡಿದ. ಮುಖ ಬಿಳುಚಿತು.

"ಏಳು ತಿಂಗಳು?"

"ಹೇಳೋಕೆ ಧೈರ್ಯ ಬರಲಿಲ್ಲ..."

ಅವನು ಹಿಂದಿರುಗಿದ. ರಸ್ತೆ ದಾಟಿ ಬೆಂಚಿನ ಮೇಲೆ ಕುಳಿತುಬಿಟ್ಟ.

ಕಿಟಕಿಯಿಂದ ನೋಡುತ್ತಾ ನಿಂತವಳಿಗೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಅಲ್ಲಿ ಇದ್ದರೆ ಯಾರೂ ನೋಡುವುದಿಲ್ಲ, ಯಾರೂ ಬಿಟ್ಟುಹೋಗುವುದಿಲ್ಲ.

ಇಲ್ಲ. ಸಾಕು ಆ ಕೋಣೆ.

ಎರಡು ಲೋಟ ಟೀ ಹಿಡಿದು ರಸ್ತೆ ದಾಟಿದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

"ಸಿಟ್ಟು ಬಂದಿದೆಯಾ?"

"ನಾಚಿಕೆ ಆಗ್ತಿದೆ." ಅವನು ಲೋಟ ತೆಗೆದುಕೊಂಡ. "ನಮ್ಮೂರಲ್ಲಿ ನಿಮಗೆ ಒಂದು ಅಂಗಡಿ ನೋಡಿಟ್ಟಿದ್ದೆ. ಬೆಳಕಿರೋ ಕಿಟಕಿ, ಮೆಷಿನ್ ಇಡೋಕೆ ಜಾಗ. ಆ ಕೆಟ್ಟ ಓನರ್ ಹತ್ರ ಮಾತಾಡಿ ನಿಮ್ಮನ್ನ ಬಿಡಿಸ್ಕೊಂಡು ಹೋಗಬೇಕು ಅಂತ... ದಾರೀಲೆಲ್ಲ ಡೈಲಾಗ್ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಈಗ ಬಿಡಿಸೋಕೆ ಯಾರೂ ಇಲ್ವಲ್ಲ!"

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಇದ್ದಾಳೆ. ಆ ಓನರ್ ತುಂಬಾ ಮೊಂಡಿ ಅಂತ ಹೇಳಿದ್ನಲ್ಲ? ಒಬ್ಬಳೇ ಅವಳ ಜೊತೆ ಜಗಳ ಆಡೋಕೆ ನನಗಾಗಲ್ಲ. ನನಗೆ... ನೀವು ಬೇಕು."

ಅವನು ಲೋಟ ಕೆಳಗಿಟ್ಟು ಅವಳ ಬೆರಳು ಹಿಡಿದ. ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿಯನ್ನು, ಅಂದು ಜೇಬಿನ ಹೊಲಿಗೆಯನ್ನು ಸವರಿದಷ್ಟೇ ಮೆಲ್ಲಗೆ ಸವರಿದ.

"ಮೆಷಿನ್ ಎಲ್ಲಿದೆ?"

"ಹಿಂದೇನೇ. ಭಾರ, ನನ್ನಿಂದ ಎತ್ತೋಕಾಗಲಿಲ್ಲ."

"ಎತ್ತೋದು ಇಳಿಸೋದು ಬಿಟ್ಟು ನನಗೇನು ಬರುತ್ತೆ? ನಡೀರಿ."

ಇಬ್ಬರೂ ಸೇರಿ ಮೆಷಿನ್ನನ್ನು ಹಜಾರದ ಕಿಟಕಿಯ ಪಕ್ಕ ತಂದಿಟ್ಟರು. ಅವಳು ಕುರ್ಚಿಯ ಮೇಲೆ ಕುಳಿತು ಪೆಡಲ್ ತುಳಿದಳು. ಸದ್ದು ಮನೆಯೆಲ್ಲ ಹರಡಿತು. ಅವನು ಹೊರಗೆ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕುಳಿತು, ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಈ ಸಲ ಎಷ್ಟು ಸ್ಟಾರ್ ಕೊಡ್ತೀರಾ?" ಅವಳು ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ಅಯ್ಯೋ, ಅದು ಅತಿಥಿಗಳು ಕೊಡೋದಲ್ವಾ?"