ಬಿಟ್ಟ ಮನೆಯ ಬಾಡಿಗೆ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತು ಇಪ್ಪತ್ತು. ಠಾಣೆಗೆ ಬಂದ ಮೆಡಿಕಲ್ ರೆಪ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಖಾಲಿ ಮಾಡಿದ ಫ್ಲಾಟಿನ ಬಾಡಿಗೆ ಇವತ್ತಿಗೂ ತನ್ನ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಿದೆ ಎಂಬುದು ಅವನ ದೂರು.

"ಇಷ್ಟು ದಿನ ಕಣ್ಣು ಮುಚ್ಕೊಂಡಿದ್ರಾ?" ಎಂದರು ಇನ್ಸ್‌ಪೆಕ್ಟರ್.

"ಹಳೇ ಖಾತೆ ಸಾರ್. ಮನೆ ಬಿಟ್ಟ ಮೇಲೆ ಅದರಲ್ಲಿ ಉಳಿದದ್ದನ್ನ ತಂಗಿ ಓದಿಗೆ ಅಂತ ಇಟ್ಟಿದ್ದೆ, ಮುಟ್ಟಿರ್ಲಿಲ್ಲ. ನಿನ್ನೆ ಕಾಲೇಜ್ ಫೀಸ್ ಕಟ್ಟೋಕೆ ಹೋದ್ರೆ ತಳ ಕಾಣ್ತಿದೆ."

"ಕಡಿತ ನಿಲ್ಲಿಸಿ ಅಂತ ಅರ್ಜಿ ಕೊಡ್ಲಿಲ್ವಾ?"

"ಸಹಿ ಹಾಕಿ ಬಿಲ್ಡಿಂಗ್ ಮ್ಯಾನೇಜರ್ ಕೈಗೆ ಕೊಟ್ಟಿದ್ದೆ. ಅಲ್ಲಿ ಎಲ್ಲರ ಕಾಗದಾನೂ ಅವರೇ ಬ್ಯಾಂಕಿಗೆ ಕಳಿಸೋದು. ಒಳ್ಳೇ ಮನುಷ್ಯ, ನನ್ನ ಮುಂಗಡಾನೂ ಅವತ್ತೇ ವಾಪಸ್ ಕೊಟ್ರು."

ಎಫ್‌ಐಆರ್ ದಾಖಲಾಯಿತು. ಫ್ಲಾಟಿನ ಒಡತಿ, ನಿವೃತ್ತ ದಂತವೈದ್ಯೆ, ಫೋನಿನಲ್ಲಿ ಸಿಕ್ಕರು. "ಖಾಲಿ ಮಾಡಿದ್ದಾರಾ? ಐದನೇ ತಾರೀಕಿಗೆ ಬಾಡಿಗೆ ಬಂದು ಬೀಳ್ತಿದೆಯಲ್ಲ! ಅವರ ಮುಂಗಡಾನೂ ನನ್ನ ಹತ್ರಾನೇ ಇದೆ."

ಇನ್ಸ್‌ಪೆಕ್ಟರ್ ಕಿವಿ ನೆಟ್ಟಗಾಯಿತು. ಕೈಯಿಂದ ದುಡ್ಡು ಹಾಕಿ ಮುಂಗಡ ತೀರಿಸುವ ಮೋಸಗಾರನನ್ನು ಅವರು ಇಪ್ಪತ್ತು ವರ್ಷಗಳ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅವರು ಮಹಿಳಾ ಪೇದೆಯೊಂದಿಗೆ ಕಟ್ಟಡದ ನೆಲಮಹಡಿಯ ಕಚೇರಿಗೆ ಹೋದರು. ಪೇದೆಗೆ ಠಾಣೆಯಲ್ಲಿಟ್ಟ ಹೆಸರು 'ರೂಲ್‌ಬುಕ್ಕು'. ಮ್ಯಾನೇಜರ್ ಅರವತ್ತು ದಾಟಿದವರು, ಹಿಂದೆ ಯಾವುದೋ ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತರಾಗಿದ್ದರಂತೆ. ಕಪಾಟು ತೆರೆಯುತ್ತಲೇ ಅದು ಗೊತ್ತಾಗುತ್ತಿತ್ತು. ಫ್ಲಾಟಿಗೊಂದು ಫೈಲು, ಫೈಲಿಗೊಂದು ದಾರ. ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಬ್ಯಾಂಕಿಗೆ ಹೋಗಬೇಕಿದ್ದ ಅರ್ಜಿ 'ಸ್ವೀಕರಿಸಲಾಗಿದೆ' ಎಂಬ ಮೊಹರು, ತಾರೀಕು, ಮ್ಯಾನೇಜರ್ ಸಹಿ ಸಮೇತ ತಣ್ಣಗೆ ಕೂತಿತ್ತು.

"ಹರಿದು ಬಿಸಾಕಿದ್ರೆ ನಮಗೆ ಸಾಕ್ಷಿನೇ ಇರ್ತಿರ್ಲಿಲ್ವಲ್ರೀ."

"ಸಹಿ ಆದ ಕಾಗದ ಹರಿಯೋದಾ ಸಾರ್?" ಮ್ಯಾನೇಜರು ನಿಜಕ್ಕೂ ಗಾಬರಿಯಾದರು.

ಪಕ್ಕದ ಟೈಲರ್ ಮತ್ತು ಲಿಫ್ಟ್ ರಿಪೇರಿಯವನು ಪಂಚರಾಗಿ ಪಂಚನಾಮೆಗೆ ಸಹಿ ಹಾಕಿದರು.

ನಾಲ್ಕನೇ ಮಹಡಿಗೆ ಹೋಗಿ ತಟ್ಟಿದಾಗ ಆ ಫ್ಲಾಟಿನ ಬಾಗಿಲು ಅಂಗೈಯಗಲ ತೆರೆಯಿತು. ಚಿಲಕಗಳು ಮೂರು, ಎರಡು ಹೊಸವು. ಒಳಗಿದ್ದ ಹೆಣ್ಣುಮಗಳ ಹಿಂದೆ ನಾಲ್ಕು ವರ್ಷದ ಮಗುವೊಂದು ಅವಳ ಸೆರಗು ಹಿಡಿದು ನಿಂತಿತ್ತು. ಅವಳ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು.

"ಮಾವ ಕಳಿಸಿದ್ರಾ?" ಎಂದಳು.

"ಬಾಡಿಗೆ ಯಾರು ಕಟ್ತಾರಮ್ಮ?"

"ಮಾವನೇ. ಅವರ ಸಂಬಳದಲ್ಲಿ ಮುರ್ಕೊಳ್ತಾರಂತೆ."

ಇನ್ಸ್‌ಪೆಕ್ಟರ್ ಕೆಳಗೆ ಬಂದಾಗ ಮ್ಯಾನೇಜರು ಕೇಳುವ ಮೊದಲೇ ಬಾಯಿಬಿಟ್ಟರು. "ಅವಳಿಗೇನೂ ಗೊತ್ತಿಲ್ಲ ಸಾರ್. ಅವಳ ಕೈ ಮುರಿದವನು ನನ್ನ ಮಗ. ಅವನಿರೋ ಮನೇಲಿ ಅವಳನ್ನ ಹೇಗೆ ಇಟ್ಕೊಳ್ಳಲಿ? ಇಲ್ಲಿರೋದು ಅವನಿಗೆ ಗೊತ್ತಿಲ್ಲ. ಬಾಡಿಗೆ ಕಟ್ಟೋಕೆ ನನ್ನ ಸಂಬಳ ಸಾಲಲ್ಲ. ಎರಡು ತಿಂಗಳು ಅಂತ ಶುರು ಮಾಡಿದೆ, ಯಾರೂ ಕೇಳಲೇ ಇಲ್ಲ."

"ಆ ದುಡ್ಡು ಒಂದು ಹುಡುಗಿಯ ಕಾಲೇಜ್ ಫೀಸು. ಈಗ ಅವಳು ಮನೇಲಿ ಕೂರ್ಬೇಕು."

ಮ್ಯಾನೇಜರು ತಲೆ ಎತ್ತಲಿಲ್ಲ. "ಬಾಡಿಗೆ ಅವರ ಕಂಪನಿ ಕಟ್ಟುತ್ತೆ ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿದರು. ಇನ್ಸ್‌ಪೆಕ್ಟರ್‌ಗೆ ಈತನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಸಂಜೆ ಐದು ನಲವತ್ತಕ್ಕೆ ಠಾಣೆಯಲ್ಲಿ ಬಂಧನವಾಯಿತು. ರೂಲ್‌ಬುಕ್ಕು ಬಂಧನ ಪತ್ರ ಬರೆಯುತ್ತಿದ್ದಳು. "ಮನೆಯವರಿಗೆ ತಿಳಿಸ್ಬೇಕು. ಮಗನ ನಂಬರ್ ಹೇಳಿ."

ಮ್ಯಾನೇಜರು ಕೈ ಮುಗಿದರು. "ಅವನು ಬಂದ್ರೆ ಎಫ್‌ಐಆರ್ ಪ್ರತಿ ಕೇಳ್ತಾನೆ ತಾಯಿ. ಅದರಲ್ಲಿ ಫ್ಲಾಟ್ ನಂಬರಿದೆ."

ಅವಳು ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಜೀಪಿನ ಚಾಲಕನನ್ನು ಕರೆದು, ತಾಯಿ ಮಗುವನ್ನು ಈಗಲೇ ಮಹಿಳೆಯರ ಆಶ್ರಯಧಾಮಕ್ಕೆ ಬಿಟ್ಟು ಬರಲು ಹೇಳಿದರು. ಗಂಡನ ಮೇಲಿನ ದೂರು ಬರೆಸಿಕೊಳ್ಳಲು ನಾಳೆ ತಾವೇ ಅಲ್ಲಿಗೆ ಹೋಗುವುದಾಗಿಯೂ ಹೇಳಿ ಕಳಿಸಿದರು. ಆಮೇಲೆ ಪೇದೆಯತ್ತ ತಿರುಗಿದರು. "ಯಾರಿಗೆ ತಿಳಿಸ್ಬೇಕು ಅನ್ನೋದು ಅವರಿಷ್ಟ."

ಮ್ಯಾನೇಜರು ಒಂದು ನಂಬರ್ ಹೇಳಿದರು. ನಾಲ್ಕನೇ ಮಹಡಿಯವಳದು.

"ಸಂಬಂಧ?"

"ಮಗಳು."

ರೂಲ್‌ಬುಕ್ಕಿನ ಪೆನ್ನು ನಿಂತಿತು. "ಸಾರ್, ಸೊಸೆ ಅಲ್ವಾ?"

"ಅವರು ಹೇಳಿದ್ದನ್ನ ಬರಿಯಮ್ಮ," ಎಂದರು ಇನ್ಸ್‌ಪೆಕ್ಟರ್.